ಕೈಗುಣ

ಸೊಹಾರ್ ಬಂದರಿನ ಯಾರ್ಡಿನಲ್ಲಿ ನನ್ನ ಹೆಸರು ಹಾರ್ನ್.
ಸಂಜೀವ ಅಂತಿರುವುದು ಗೇಟ್‌ಪಾಸಿನಲ್ಲಿ ಮಾತ್ರ.
ಮಲ್ಪೆಯ ದಕ್ಕೆಯಲ್ಲಿ ಬೆಳೆದ ಗಂಟಲು,
ದೋಣಿಯಿಂದ ದೋಣಿಗೆ ಕೂಗಿ ಕೂಗಿ ಹದವಾದದ್ದು.
ಅದನ್ನು ಕೇಳಿಯೇ ನನ್ನನ್ನು ಫೋರ್ಮನ್ ಮಾಡಿದರು.
ಹಾಗಾಗಿ ಬಹಳ ವರ್ಷ ನಾನು ತಿಳಿದಿದ್ದೆ
ಮುಂದಾಳು ಅಂದರೆ ಗಂಟಲು.

ಮೌಲಾಲಿ ಬಂದದ್ದು ಬೆಟಗೇರಿಯಿಂದ, ಒಂದು ಮೇ ತಿಂಗಳು.
ಮಾತು ಅವನಿಗೆ ಮೊದಲಕ್ಷರದಲ್ಲೇ ಸಿಕ್ಕಿಕೊಳ್ಳುತ್ತಿತ್ತು
ಮರಳಲ್ಲಿ ಹೂತ ಪಿಕಪ್ಪಿನ ಚಕ್ರದ ಹಾಗೆ,
ಒತ್ತಿದಷ್ಟೂ ಆಳಕ್ಕೆ.
ನಾನು ಒತ್ತಿದೆ.
ಬೆಳಗಿನ ಐದೂವರೆಗೆ, ನಲವತ್ತು ಹೆಲ್ಮೆಟ್ಟುಗಳ ಮುಂದೆ ನಿಲ್ಲಿಸಿ
"ಸುರಕ್ಷತೆಯ ನಿಯಮ ಓದು, ಜೋರಾಗಿ ಓದು,
ಧೈರ್ಯ ತಾನಾಗಿ ಬರುತ್ತದೆ" ಅಂದೆ.
"ಎ... ಎ... ಎತ್ತುವಾಗ" ಅನ್ನುವಷ್ಟರಲ್ಲಿ
ಹಿಂದಿನ ಸಾಲು ನಕ್ಕಿತು.
ರಿಜಿಸ್ಟರಿನಲ್ಲಿ ಇದನ್ನು ತರಬೇತಿ ಅಂತ ಬರೆದೆ.

ಆಮೇಲೊಂದು ಮಧ್ಯಾಹ್ನ
ವಾಕಿಟಾಕಿ ಅವನ ಕೈಲಿತ್ತು,
ಹನ್ನೆರಡು ಟನ್ನಿನ ಪೈಪಿನ ಕಟ್ಟು ಗಾಳಿಯಲ್ಲಿತ್ತು,
"ನಿಲ್ಲಿಸು" ಅನ್ನುವುದರ "ನಿ" ಇನ್ನೂ ಬಾಯಲ್ಲಿತ್ತು.
ಕಟ್ಟು ತಿರುಗಿ ಟ್ರೇಲರಿನ ಕನ್ನಡಿ ಒಡೆಯಿತು.
ಕನ್ನಡಿ ಮಾತ್ರ. ದೇವರು ದೊಡ್ಡವನು.
ಮ್ಯಾನೇಜರು ಹೇಳಿದ: ಊರಿಗೆ ಟಿಕೆಟ್ ಮಾಡಿಸು.

ಅದನ್ನು ಹೇಳಲೆಂದೇ ಸಂಜೆ ಕ್ಯಾಂಪಿನ ತಾರಸಿ ಹತ್ತಿದೆ.
ಪ್ಲೈವುಡ್ಡಿನ ಗೂಡು, ವಾಚ್‌ಮನ್ ಬಲೂಚಿಯ ಪಾರಿವಾಳಗಳು,
ಒಂಬತ್ತೂ ಮೇಲೆ, ಸ್ಮೆಲ್ಟರಿನ ಹೊಗೆಯ ಪಕ್ಕಕ್ಕೆ.
ಮೌಲಾಲಿ ಅಂಗೈ ತುಸು ಓರೆ ಮಾಡಿದ.
ಗುಂಪು ಓರೆಯಾಯಿತು.
ಬೆರಳು ಕೆಳಮುಖ ಮಾಡಿ ಸಣ್ಣಗೆ ಸುತ್ತಿದ.
ಇಳಿದವು, ಒಂದೊಂದಾಗಿ, ಅವಸರವಿಲ್ಲದೆ,
ಕೊನೆಯದು ಅವನ ಮಣಿಕಟ್ಟಿಗೆ.
ಊರಲ್ಲಿ ಕೈಗುಣ ಅನ್ನುತ್ತಿದ್ದದ್ದು
ಮದ್ದು ಅರೆಯುವ ಅಪ್ಪಿಯಕ್ಕನಿಗೆ, ಉಪ್ಪಿನಕಾಯಿ ಕೆಡದ ಅತ್ತೆಗೆ.
ಕಬ್ಬಿಣದ ಕೆಲಸದಲ್ಲಿ ಆ ಪದ ಬೇಕಾದೀತೆಂದು ಎಣಿಸಿರಲಿಲ್ಲ.
"ಟಿ... ಟಿ..." ಅಂದೆ.
ಆ ಸಂಜೆ ತೊದಲಿದವನು ನಾನು.

ಮರುದಿನ ರೇಡಿಯೋ ಕಿತ್ತುಕೊಂಡು ಬಿಳಿ ಕೈಗವಸು ಕೊಟ್ಟೆ.
ಕ್ರೇನಿನ ಗುಲ್‌ಜಮಾನ್ ವಾರದೊಳಗೆ ಕೆಳಗಿಳಿದು ಬಂದು ಹೇಳಿದ:
ಈ ಹುಡುಗನ ಕೈ ನನಗೆ ಅಲ್ಲಿಗೂ ಕೇಳಿಸುತ್ತದೆ.
ಚಾಯ್‌ಖಾನೆಯಲ್ಲಿ ನಾನು ಕೊಚ್ಚಿಕೊಳ್ಳುವುದುಂಟು,
ಅವನನ್ನು ಬೆಳೆಸಿದ್ದು ನಾನೇ ಅಂತ.
ಸುಳ್ಳು.
ಆಕ್ಸಿಲರೇಟರಿನಿಂದ ಕಾಲು ತೆಗೆದೆ, ಅಷ್ಟೇ.

ಇದಾಗಿ ನಾಲ್ಕು ಬೇಸಿಗೆ.
ಈಗ ಮೌಲಾಲಿಯ ಕೈಕೆಳಗೆ ಆರು ಜನ,
ಹೊಸಬ ಬಿಪ್ಲಬ್, ಬಾರಿಸಾಲಿನವನು, ಬಾಯಿ ಮುಚ್ಚದ ಹುಡುಗ.
ಕಣ್ಣು ಕಟ್ಟಿ ಕೇಳಿದರೂ
ಸರಕು ಎಲ್ಲಿದೆ, ಎಷ್ಟು ಬೆರಳು ಎಡಕ್ಕೆ, ಎಲ್ಲ ತಿಳಿಯುವ ಹಾಗೆ ಹೇಳುತ್ತಾನೆ.
ಕೈ ಮಾತ್ರ ಹಗ್ಗದ ಮೇಲೆ ಒಣಹಾಕಿದ ಅಂಗಿತೋಳು.
ಮೌಲಾಲಿ ಅವನ ರೇಡಿಯೋ ಕಸಿದು ತನ್ನ ಜೇಬಿಗಿಟ್ಟ.
"ಕ... ಕ... ಕೈ" ಅಂದ.
ಥೇಟ್ ನನ್ನದೇ ಮುಖ, ನನ್ನದೇ ಹಟ,
ಸದ್ದು ಮಾತ್ರ ಕಡಿಮೆ.

ಇವತ್ತು ಟ್ಯಾಂಕಿನ ಹಿಂದೆ ಇಳಿಸಬೇಕಾದ ವಾಲ್ವು.
ಗುಲ್‌ಜಮಾನನಿಗೆ ಅಲ್ಲಿ ಯಾರ ಕೈಯೂ ಕಾಣದು.
ಹುಡುಗ ಕೈ ಬೀಸುತ್ತಿದ್ದಾನೆ, ತಗಡಿನ ಗೋಡೆಗೆ.
ಕೂಗಬಹುದಿತ್ತು. ಈ ಗಂಟಲಿಗೆ ಅರ್ಧ ಬಂದರು ತಿರುಗಿ ನೋಡುತ್ತದೆ.
ಕೂಗಲಿಲ್ಲ.
ಮೌಲಾಲಿಗೆ ಕಾಣುವ ಹಾಗೆ ನಿಂತು
ಎರಡೂ ಕೈ ಹೊಟ್ಟೆಯ ಮುಂದೆ ಕಟ್ಟಿಕೊಂಡೆ.
ನಮ್ಮ ಸನ್ನೆಯಲ್ಲಿ ಅದರರ್ಥ: ಎಲ್ಲವೂ ಇದ್ದಲ್ಲೇ ಇರಲಿ.

ಕೊಕ್ಕೆ ನಿಂತಿದೆ.
ಅವನು ನನ್ನನ್ನು ನೋಡಿದ, ಹುಡುಗನನ್ನು ನೋಡಿದ,
ಜೇಬಿನೊಳಗೆ ಗುಲ್‌ಜಮಾನನ ದನಿ:
ಅರೇ, ಯಾರಾದರೂ ಮಾತಾಡಿ.